ಒಂಬತ್ತೋ ಹದಿನಾಲ್ಕೋ

ಮಾರ್ಚ್ 18

ಅಮ್ಮಾ,

ನಾವಿಬ್ಬರೂ ಮಾತಾಡಿ ಎಂಟು ತಿಂಗಳಾಯಿತು. ಫೋನ್ ಮಾಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ನೀನು ‘ಹೂಂ’ ಅಂದು ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಸೋದರಮಾವನ ನಾಮಪತ್ರ ತಿರಸ್ಕಾರವಾದದ್ದಕ್ಕೆ ನಿನ್ನ ಕೋಪ ಇನ್ನೂ ಇಳಿದಿಲ್ಲ ಎಂದು ಗೊತ್ತು. ಸರ್ಕಾರಿ ಮಂಡಳಿಯಲ್ಲಿ ಸಂಬಳದ ಹುದ್ದೆ ಇಟ್ಟುಕೊಂಡು ಚುನಾವಣೆಗೆ ನಿಲ್ಲುವಂತಿಲ್ಲ, ರಾಜೀನಾಮೆ ಕೊಡಿ ಎಂದು ಎರಡು ಸಲ ಹೇಳಿದ್ದೆ. ‘ನೀನಿದ್ದೀಯಲ್ಲ, ನೋಡ್ಕೋ’ ಅಂದರು. ನಾನು ನೋಡಿಕೊಳ್ಳಲಿಲ್ಲ, ಕಡತವನ್ನು ಮೇಲಿನವರಿಗೆ ಕಳಿಸಿದೆ. ಅವರು ತಿರಸ್ಕರಿಸಿದರು. ಆ ಮಾತು ಇಲ್ಲಿಗೆ ಬಿಡೋಣ.

ಈಗ ನನ್ನನ್ನು ನಮ್ಮ ಹಳೇ ಊರಿಗೇ ಹಾಕಿದ್ದಾರೆ, ಶಾಸನಸಭೆಯ ಚುನಾವಣೆಗೆ ನಾಮಪತ್ರ ಪರಿಶೀಲಿಸುವ ಅಧಿಕಾರಿಯಾಗಿ. ಕಚೇರಿ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿದೆ. ಫ್ಯಾನು ಹಾಕಿದರೆ ಕಾಗದ ಹಾರುತ್ತವೆ, ನಿಲ್ಲಿಸಿದರೆ ಗುಮಾಸ್ತರು ಹಾರಾಡುತ್ತಾರೆ.

ಹನ್ನೊಂದು ಜನ ನಾಮಪತ್ರ ಹಾಕಿದ್ದಾರೆ. ಆಕ್ಷೇಪಣೆ ಬಂದಿರುವುದು ಒಬ್ಬಳ ಮೇಲೆ ಮಾತ್ರ. ನೀರೆತ್ತುವ ಪಂಪು ರಿಪೇರಿ ಮಾಡುವ ಹುಡುಗಿ, ಸೇತುವೆ ಆಚೆಯ ಮೇಲಿನ ಬೀದಿಯವಳು. ಎಲ್ಲರೂ ಅವಳನ್ನು ಪಂಪಕ್ಕ ಅನ್ನುತ್ತಾರೆ. ಅಭ್ಯರ್ಥಿಗೆ ಇಪ್ಪತ್ತೈದು ವರ್ಷ ತುಂಬಿರಬೇಕು ಎಂದು ಸಂವಿಧಾನವೇ ಹೇಳುತ್ತದೆ. ತುಂಬಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುವುದು ನಾಮಪತ್ರ ಪರಿಶೀಲನೆಗೆ ನಿಗದಿಯಾದ ದಿನಕ್ಕೆ, ಅಂದರೆ ಮಾರ್ಚ್ 11ಕ್ಕೆ. ಹೆರಿಗೆ ಆಸ್ಪತ್ರೆಯ ಜನನ ರಿಜಿಸ್ಟರಿನ ಪ್ರಕಾರ ಅವಳು ಹುಟ್ಟಿದ್ದು ಮಾರ್ಚ್ 14. ಮೂರು ದಿನ ಕಡಿಮೆ. ಹಾಲಿ ಸದಸ್ಯರ ಕಡೆಯವರು ಆ ಪುಟದ ನಕಲು ತಂದು ನನ್ನ ಮೇಜಿನ ಮೇಲಿಟ್ಟರು.

ಅದು ನಿನ್ನ ಅಕ್ಷರ ಅಮ್ಮ, ನೀನು ಅಲ್ಲಿ ನರ್ಸಾಗಿದ್ದ ಕಾಲದ್ದು. ಮಗುವಿನ ವಿವರ ಓದುವ ಮೊದಲೇ ಗುರುತು ಹತ್ತಿತು. ಇಪ್ಪತ್ತೈದು ವರ್ಷದ ಹಿಂದಿನದು, ಆದರೂ ಒಂದು ಗೀಟು, ಒಂದು ತಿದ್ದುಪಡಿ ಇಲ್ಲ. ಗುಮಾಸ್ತರಿಗೆ ಹೇಳಲಿಲ್ಲ, ಆದರೆ ಒಳಗೊಳಗೇ ಹೆಮ್ಮೆಯಾಯಿತು. ಆ ಹುಡುಗಿಯನ್ನು ನೆನೆದರೆ ಬೇಸರ. ಆದರೆ ನೀನು ಬರೆದದ್ದಾದರೆ ಅನುಮಾನಕ್ಕೆ ಜಾಗವೆಲ್ಲಿ? ಏಪ್ರಿಲ್ 20ಕ್ಕೆ ಆದೇಶ ಕೊಡಬೇಕು.

ಕಿವಿಗೆ ಡಾಕ್ಟರು ಏನಂದರು, ಬರೆ.

ನಿನ್ನ ಮಗಳು


ಮಾರ್ಚ್ 25

ಮಗಳೇ,

ನಿನ್ನ ಕಾಗದ ಬಂತು. ನೀನೇ ಮೊದಲು ಬರೆದೆ. ನನ್ನ ಹಟ ನಿನಗಿಂತ ಒಂದು ಗುಲಗಂಜಿ ಹೆಚ್ಚು ಅಂತ ಇದರಿಂದ ಗೊತ್ತಾಯಿತು.

ಕಿವಿ ಹೀಗೇ ಇರುತ್ತದಂತೆ. ಇಲ್ಲಿ ನಾನು ಪಾಠ ಹೇಳುವ ನರ್ಸ್ ತರಬೇತಿ ಶಾಲೆಗೆ ಹೊಸದಾಗಿ ಇಪ್ಪತ್ತೆರಡು ಹುಡುಗಿಯರು ಬಂದಿದ್ದಾರೆ. ಮಗುವಿನ ತಲೆ ಹಿಡಿಯುವುದು ಕಲಿಸಬಹುದು, ಕೈ ತೊಳೆಯುವುದು ಕಲಿಸುವುದರಲ್ಲಿ ನನ್ನ ಜೀವ ಹೋಗುತ್ತದೆ. ನಿನ್ನ ಮಾವನಿಗೆ ಮಂಡಿನೋವು. ಕೋಪ ಕೂತಿರುವುದೂ ಅಲ್ಲೇ ಇರಬೇಕು, ನಡೆಯುವಾಗೆಲ್ಲ ನಿನ್ನ ಹೆಸರೆತ್ತುತ್ತಾನೆ.

ಆ ಹುಡುಗಿಯ ವಿಷಯ ಓದಿದೆ. ಅವಸರ ಮಾಡಬೇಡ. ಅವಳ ಶಾಲೆಯ ದಾಖಲೆಯಲ್ಲಿ ಯಾವ ತಾರೀಕಿದೆ? ಅವಳ ತಾಯಿ ಇದ್ದಾಳೆಯೇ?

ಬಿಸಿಲಲ್ಲಿ ತಿರುಗಬೇಡ.

ಅಮ್ಮ


ಏಪ್ರಿಲ್ 1

ಅಮ್ಮಾ,

ಶಾಲೆಯ ದಾಖಲೆಯಲ್ಲಿ ಮಾರ್ಚ್ 9 ಅಂತಿದೆ. ಅದನ್ನು ಒಪ್ಪಿದರೆ ಅವಳಿಗೆ ಎರಡು ದಿನ ಮೊದಲೇ ಇಪ್ಪತ್ತೈದು ತುಂಬಿದೆ. ಆದರೆ ಶಾಲೆಯವರು ಬರೆದುಕೊಳ್ಳುವುದು ಮನೆಯವರು ಹೇಳಿದ್ದನ್ನು. ಹೆರಿಗೆ ಆಸ್ಪತ್ರೆಯ ರಿಜಿಸ್ಟರು ಕಣ್ಣಾರೆ ಕಂಡವರು ಬರೆದದ್ದು. ಎರಡರಲ್ಲಿ ತೂಕ ಯಾವುದಕ್ಕೆ ಎಂದು ಕೇಳಿದರೆ ರಿಜಿಸ್ಟರಿಗೇ.

ಮೊನ್ನೆ ಮೊದಲ ವಿಚಾರಣೆಗೆ ಬಂದಿದ್ದಳು. ಕೈಗೆ ಗ್ರೀಸ್ ಮೆತ್ತಿತ್ತು, ಕುರ್ಚಿ ಕೊಳೆಯಾಗುತ್ತದೆ ಎಂದು ನಿಂತೇ ಇದ್ದಳು.

“ಮೇಡಂ, ನಾನು ಹತ್ತು ವರ್ಷದವಳಿದ್ದಾಗ ನಮ್ಮಮ್ಮ ತೀರ್ಕೊಂಡ್ರು,” ಅಂದಳು. “ಶಾಲೆಗೆ ಸೇರ್ಸೋವಾಗ ಒಂಬತ್ತು ಅಂತ ಹೇಳಿದ್ದು ಅವರೇ. ಅವರ ಹತ್ರ ಬೇರೆ ಕಾಗದ ಇರ್ಲಿಲ್ಲ. ಆದ್ರೆ ನಮ್ಮಮ್ಮ ಸುಳ್ಳು ಹೇಳೋರಲ್ಲ.”

ನಮ್ಮಮ್ಮನೂ ಅಲ್ಲ ಅಂದುಕೊಂಡೆ.

ಮೂರು ದಿನದಲ್ಲಿ ಏನು ಬುದ್ಧಿ ಬಂದುಬಿಡುತ್ತದೆ ಅಂತ ಮೇಲಿನ ಬೀದಿಯವರು ಕೆಳಗೆ ನಿಂತು ಕೇಳುತ್ತಿದ್ದರು. ಏನೂ ಬರುವುದಿಲ್ಲ. ಆದರೆ ಮೂರು ದಿನ ಬಿಟ್ಟರೆ ಮೂವತ್ತನ್ನು ಬೇಡ ಅನ್ನುವುದು ಹೇಗೆ? ಇವಳಿಗೆ ಬಿಟ್ಟು ನಾಳೆ ಬರುವ ಪುಂಡನಿಗೆ ಬಿಡುವುದಿಲ್ಲ ಅಂದರೆ ಅದು ನಿಯಮವಲ್ಲ, ನನ್ನ ಮರ್ಜಿಯಾಗುತ್ತದೆ.

ನೀನು ಯಾಕೆ ಅವಳ ತಾಯಿಯನ್ನು ಕೇಳಿದೆ?

ಮಗಳು


ಏಪ್ರಿಲ್ 7

ಮಗಳೇ,

ಇದನ್ನು ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಆ ಮಗು ಹುಟ್ಟಿದ್ದು ಒಂಬತ್ತಕ್ಕೆ. ಹದಿನಾಲ್ಕು ಅಂತ ನಾನು ಬರೆದದ್ದು ಸುಳ್ಳು.

ಆ ವಾರ ಸೇತುವೆಯ ಒಂದು ಕಮಾನು ಕುಸಿದಿತ್ತು. ಗಾಡಿ ಬಿಡುತ್ತಿರಲಿಲ್ಲ, ಜನ ಕಂಬಿ ಹಿಡಿದು ಒಬ್ಬೊಬ್ಬರೇ ದಾಟುತ್ತಿದ್ದರು. ಅವತ್ತು ನನಗೆ ವಾರದ ರಜೆ. ಬೆಳಿಗ್ಗೆ ಒಬ್ಬ ಹೆಂಗಸು ಬಾಗಿಲು ಬಡಿದಳು. ನೀರು ಹೋಗಿ ಆರು ಗಂಟೆಯಾಗಿದೆ, ಗಂಡ ಊರಲ್ಲಿಲ್ಲ, ಬಸುರಿಯನ್ನು ಈಚೆ ತರೋಕಾಗ್ತಿಲ್ಲ ಅಂದಳು. ನಾನು ಚೀಲ ತಗೊಂಡು ಹೊರಟೆ.

ನಮ್ಮ ಆಸ್ಪತ್ರೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ನರ್ಸುಗಳು ಮನೆಗೆ ಹೋಗಿ ಹೆರಿಗೆ ಮಾಡಿಸಬಾರದು. ಎರಡು ತಿಂಗಳ ಹಿಂದಷ್ಟೇ ನನ್ನ ಜೊತೆಯವಳೊಬ್ಬಳನ್ನು ಅದೇ ಕಾರಣಕ್ಕೆ ಮನೆಗೆ ಕಳಿಸಿದ್ದರು. ನಿನ್ನ ಅಪ್ಪ ಹೋಗಿ ವರ್ಷವಾಗಿತ್ತು. ನೀನು ಒಂಬತ್ತು ವರ್ಷದವಳು. ನನಗೆ ಆ ಕೆಲಸ ಬಿಟ್ಟರೆ ಕಾಲಿಡಲು ಬೇರೆ ನೆಲ ಇರಲಿಲ್ಲ.

ಮಧ್ಯಾಹ್ನ ಮಗು ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿದ್ದಿತ್ತು. ಬಿಡಿಸಿದೆ. ಬಾಣಂತಿಗೆ ಹೇಳಿದೆ, ನಾನು ಬಂದಿದ್ದು ಯಾರಿಗೂ ಗೊತ್ತಾಗಬಾರದು ಅಂತ. ಸರಿ ಅಂದಳು.

ಐದು ದಿನ ಕಳೆದು ಮಗುವಿಗೆ ಕಾಮಾಲೆ ಏರಿತು. ಸೇತುವೆಗೆ ಅಷ್ಟರಲ್ಲಿ ಹಲಗೆ ಹಾಕಿದ್ದರು, ಆಸ್ಪತ್ರೆಗೆ ತಂದರು. ಹೆರಿಗೆ ಎಲ್ಲಾಯಿತು, ಯಾರು ಮಾಡಿಸಿದರು ಅಂತ ಕೇಳುತ್ತಾರಲ್ಲ. ರಿಜಿಸ್ಟರು ನನ್ನ ಕೈಯಲ್ಲೇ ಇತ್ತು. ಇವತ್ತೇ ಇಲ್ಲೇ ಹುಟ್ಟಿತು ಅಂತ ಬರೆದುಬಿಟ್ಟೆ. ಕೈ ನಡುಗಲಿಲ್ಲ. ಅದಕ್ಕೇ ನಿನಗೆ ಅಕ್ಷರ ಅಷ್ಟು ಚಂದ ಕಂಡಿದೆ.

ಮಕ್ಕಳ ಡಾಕ್ಟರು ಬಂದು ನೋಡಿದರು. ಮಗುವಿನ ಹಾಳೆಯಲ್ಲಿ ‘ಹೊಕ್ಕುಳು ಒಣಗಿದೆ, ಮೈ ಹಳದಿ’ ಅಂತ ಬರೆದರು. ಬರೆದು ನನ್ನ ಮುಖ ನೋಡಿದರು. ಅವತ್ತು ಹುಟ್ಟಿದ ಮಗುವಿಗೆ ಹೊಕ್ಕುಳು ಒಣಗುವುದುಂಟೇ? ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಈಗಿಲ್ಲ. ಆ ಹಾಳೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇರಬಹುದು, ಇಲಿ ತಿಂದಿರಲೂಬಹುದು.

ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಿರಿ ಅಂತ ಇಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಹೇಳುವಾಗೆಲ್ಲ ಆ ಒಂದು ಸಾಲು ಕಣ್ಣ ಮುಂದೆ ಬರುತ್ತದೆ.

ಏನು ಮಾಡಬೇಕೋ ಹೇಳು.

ಅಮ್ಮ


ಏಪ್ರಿಲ್ 10

ಅಮ್ಮನಿಗೆ,

ನಿನ್ನ ಕಾಗದ ಓದಿದ ಮೇಲೆ ಈ ಪ್ರಕರಣ ನನ್ನ ಕೈಯಲ್ಲಿ ಇರುವಂತಿಲ್ಲ. ರಿಜಿಸ್ಟರು ಬರೆದವರು ನನ್ನ ತಾಯಿ ಎಂದು ಮೇಲಿನವರಿಗೆ ಬರೆದುಕೊಟ್ಟು ಇವತ್ತೇ ಹೊರಬಂದೆ. ಅಕ್ಷರ ಗುರುತು ಹತ್ತಿದ ದಿನವೇ ಇದನ್ನು ಮಾಡಬೇಕಿತ್ತು. ಮಾಡಲಿಲ್ಲ. ಹೆಮ್ಮೆ ಅಡ್ಡ ಬಂತು. ಅದು ನನ್ನ ತಪ್ಪು, ಅದನ್ನೂ ಬರೆದುಕೊಟ್ಟಿದ್ದೇನೆ. ಪಕ್ಕದ ಜಿಲ್ಲೆಯ ಅಧಿಕಾರಿಯೊಬ್ಬರು ವಿಚಾರಣೆ ಮಾಡುತ್ತಾರೆ. ಅವರ ವಿಳಾಸ ಕೆಳಗಿದೆ.

ಏನು ಮಾಡಬೇಕು ಎಂದು ಕೇಳಿದ್ದೀಯ. ಅಧಿಕಾರಿಯಾಗಿ ನಾನು ಸಾಕ್ಷಿಗೆ ಏನೂ ಹೇಳುವಂತಿಲ್ಲ. ಮಗಳಾಗಿ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನೀನು ಹೇಳಿದರೆ ನಿನ್ನ ಮೇಲೆ ಪ್ರಕರಣ ಹಾಕಬಹುದು, ತರಬೇತಿ ಶಾಲೆಯವರು ಬೇಡ ಅನ್ನಬಹುದು. ಹೇಳದಿದ್ದರೆ ಆ ಹುಡುಗಿ ಹೊರಗೆ. ಇಷ್ಟೇ ನನಗೆ ಗೊತ್ತಿರುವುದು.

ಇನ್ನೊಂದು. ಆ ಒಂಬತ್ತನೇ ತಾರೀಕು ನನಗೂ ನೆನಪಿದೆ. ಶಾಲೆಯಲ್ಲಿ ನನ್ನ ಭಾಷಣ ಇತ್ತು. ಬರ್ತೀನಿ ಅಂದಿದ್ದೆ ನೀನು. ಬಾಗಿಲು ನೋಡುತ್ತಾ ನಿಂತು ಅರ್ಧಕ್ಕೆ ಮರೆತೆ, ಎಲ್ಲರೂ ನಕ್ಕರು. ಎರಡು ಪಾಳಿ ಕೆಲಸ ಬಿತ್ತು ಅಂತ ಸಂಜೆ ನೀನು ಹೇಳಿದೆ. ಅದು ನಿಜವೇ ಅಂತ ನಾನು ಇಲ್ಲಿಯವರೆಗೂ ಕೇಳಿರಲಿಲ್ಲ.

ಮಗಳು


ಏಪ್ರಿಲ್ 28

ಮಗಳೇ,

ಬರೆಯಲು ತಡವಾಯಿತು, ಬೇರೆ ಬರೆಯುವುದಿತ್ತು. ಆ ಅಧಿಕಾರಿಗೆ ಎಲ್ಲವನ್ನೂ ನಾಲ್ಕು ಪುಟದಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮೇ 6ಕ್ಕೆ ಬರಬೇಕಂತೆ.

ಇಲ್ಲಿ ಪ್ರಿನ್ಸಿಪಾಲರಿಗೆ ನಾನೇ ಮೊದಲು ಹೇಳಿದೆ. ತೀರ್ಪು ಬರಲಿ, ಅಲ್ಲಿಯವರೆಗೆ ಪಾಠ ಬೇಡ ಅಂದರು. ಸರಿಯೇ. ಹೋಗುವ ಮುಂಚೆ ಹುಡುಗಿಯರಿಗೆ ಹೇಳಿ ಹೋಗುತ್ತೇನೆ ಅಂದೆ. ಇಪ್ಪತ್ತೆರಡೂ ಜನ ಕೇಳಿದರು. ಹಿಂದಿನ ಬೆಂಚಿನವಳೊಬ್ಬಳು ಕೈ ಎತ್ತಿದಳು.

“ಸಿಸ್ಟರ್, ನೀವು ಹೋಗಿದ್ದು ತಪ್ಪಾ, ಬರೆದಿದ್ದು ತಪ್ಪಾ?”

“ಹೋಗಿದ್ದು ತಪ್ಪಲ್ಲ. ಇನ್ನೊಂದು ಸಲ ಕರೆದರೂ ಹೋಗ್ತೀನಿ. ಬರೆದಿದ್ದು ತಪ್ಪು.”

ಇಷ್ಟು ಹೇಳಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು ನೋಡು.

ನಿನ್ನ ಭಾಷಣ ನನಗೂ ನೆನಪಿತ್ತು. ಅವತ್ತು ಕಂಬಿ ಹಿಡಿದು ಸೇತುವೆ ದಾಟುವಾಗ ನಿಮ್ಮ ಶಾಲೆಯ ಗಂಟೆ ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ನಿನ್ನ ಕಡೆಗೇ ಬರುತ್ತಿದ್ದೆ. ನೀನು ಅರ್ಧಕ್ಕೆ ಮರೆತದ್ದು ಮಾತ್ರ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ ಮಗೂ. ಚೆನ್ನಾಗಾಯ್ತು ಅಂದಿದ್ದೆ ನೀನು.

ಅಮ್ಮ


ಮೇ 8

ಮಗಳೇ,

ಮೊನ್ನೆ ವಿಚಾರಣೆಯ ದಿನ ನೀನು ಕಾರಿಡಾರಿನಲ್ಲಿ ಎರಡು ಗಂಟೆ ಕೂತಿದ್ದೆ, ಒಳಗೆ ಏನಾಯಿತೆಂದು ಒಂದು ಮಾತೂ ಕೇಳಲಿಲ್ಲ. ಬಸ್ಸಿನವರೆಗೆ ಬಂದು ಕಿಟಕಿ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟು ಹೋದೆ. ತೀರ್ಮಾನಕ್ಕೆ ಮುಂಚೆ ಕೇಳಬಾರದು ಎಂಬ ನಿನ್ನ ನಿಯಮ ನನಗೆ ಗೊತ್ತು. ಆದರೆ ನಾನು ಹೇಳಬಾರದು ಅಂತ ಎಲ್ಲೂ ಬರೆದಿಲ್ಲವಂತೆ, ಆ ಅಧಿಕಾರಿಯನ್ನೇ ಕೇಳಿಕೊಂಡು ಬಂದಿದ್ದೇನೆ. ಇದು ಗುಟ್ಟಿನ ವಿಚಾರಣೆಯಲ್ಲ, ಯಾರಿಗೆ ಬೇಕಾದರೂ ಹೇಳಿ ಅಂದರು.

ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡೇ ಕೂರುತ್ತಾರೆ. ನನಗೆ ಕಿವಿ ಮಂದ ಅಂತ ಗೊತ್ತಾಗಿ ಕುರ್ಚಿಯನ್ನು ಹತ್ತಿರ ಎಳೆಸಿದರು. ಹಾಲಿ ಸದಸ್ಯರ ವಕೀಲರು ಮಾತ್ರ ಊರಿಗೆಲ್ಲ ಕೇಳುವಂತೆ ಮಾತಾಡಿದರು.

“ಈ ಕಚೇರಿಯ ಅಧಿಕಾರಿ ನಿಮ್ಮ ಮಗಳಲ್ವಾ?”

“ಹೌದು.”

“ಅಂದ್ರೆ ಅವರು ಹೇಳಿಕೊಟ್ಟಂಗೆ ಹೇಳ್ತಿದೀರಿ.”

“ಅವಳು ಮನೆಯವರಿಗೆ ಸಹಾಯ ಮಾಡೋ ಪೈಕಿ ಅಲ್ಲ ಸ್ವಾಮಿ. ಬೇಕಾದ್ರೆ ನನ್ನ ತಮ್ಮನ್ನ ಕೇಳಿ.”

ಗಡಿಯಾರದ ಸಾಹೇಬರು ತಲೆ ತಗ್ಗಿಸಿ ಕಾಗದ ನೋಡಿದರು. ನಗು ಬಂದಿತ್ತು, ನಾನು ಕಂಡೆ.

ವಕೀಲರು ಬಿಡಲಿಲ್ಲ. “ಅವತ್ತು ಸುಳ್ಳು ಬರೆದೋರು ಇವತ್ತು ನಿಜ ಹೇಳ್ತಾರೆ ಅಂತ ನಂಬೋದು ಹೇಗೆ?”

ಪ್ರಶ್ನೆ ನ್ಯಾಯವಾದದ್ದೇ. “ನನ್ನನ್ನ ನಂಬಬೇಡಿ,” ಅಂದೆ. “ಮಗುವಿನ ಹಾಳೆ ನೋಡಿ.”

ಹಾಳೆ ಸಿಕ್ಕಿತ್ತು. ಆಸ್ಪತ್ರೆಯ ದಾಖಲೆ ಕೋಣೆಯವರು ಮೂರು ದಿನ ಹುಡುಕಿ ಕಟ್ಟಿನ ಸಮೇತ ತಂದಿದ್ದರು. ಅಂಚನ್ನು ಇಲಿ ತಿಂದಿತ್ತು, ಸಾಲು ಉಳಿದಿತ್ತು. ಈಗಿನ ಮಕ್ಕಳ ಡಾಕ್ಟರಮ್ಮನನ್ನು ಕರೆಸಿ ಓದಿಸಿದರು. ಹುಟ್ಟಿದ ದಿನವೇ ಹೊಕ್ಕುಳು ಒಣಗುತ್ತದೆಯೇ ಅಂತ ಕೇಳಿದರು. ಸಾಧ್ಯವೇ ಇಲ್ಲ, ಕಡಿಮೆಯೆಂದರೂ ಮೂರು ದಿನ, ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು ಅಂದರು ಆಕೆ. ಪುರಸಭೆಯವರು ಸೇತುವೆ ಮುಚ್ಚಿದ ನೋಟೀಸು ತಂದಿದ್ದರು, ಏಳರಿಂದ ಹನ್ನೆರಡರವರೆಗೆ. ಅದನ್ನೂ ಓದಿದರು.

ಆ ಹುಡುಗಿ ಎದುರು ಬೆಂಚಿನಲ್ಲಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಕೋಪವೋ ಏನೋ ತಿಳಿಯಲಿಲ್ಲ. ನಾನು ಹಿಡಿದ ತಲೆ ಅದು, ಆದರೂ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಅಮ್ಮ


ಮೇ 21

ಅಮ್ಮಾ,

ಆದೇಶ ಬಂತು. ನಕಲು ಇಟ್ಟಿದ್ದೇನೆ, ಆದರೆ ನಿನ್ನ ಕನ್ನಡಕ ಎಲ್ಲಿಟ್ಟಿರುತ್ತೀಯೋ, ನಾನೇ ಹೇಳಿಬಿಡುತ್ತೇನೆ. ಅವಳು ಹುಟ್ಟಿದ್ದು ಮಾರ್ಚ್ 9 ಎಂದು ತೀರ್ಮಾನವಾಗಿದೆ. ನಾಮಪತ್ರ ಸಿಂಧು.

ನಿನ್ನ ಬಗ್ಗೆ ಒಂದು ಪ್ಯಾರಾ ಇದೆ. ರಿಜಿಸ್ಟರಿನಲ್ಲಿ ಸುಳ್ಳು ಬರೆದದ್ದು ತಪ್ಪೇ. ಆದರೆ ಮೊಕದ್ದಮೆಗೆ ಕಾನೂನು ಕೊಟ್ಟ ಅವಧಿ ಎಂದೋ ಮುಗಿದಿದೆ. ಸಾಕ್ಷಿ ತಾನಾಗಿ ಬಂದು ತನ್ನ ವಿರುದ್ಧವೇ ಹೇಳಿದ್ದಾರೆ. ಅವರೇ ಬಂದು ತಿದ್ದುಪಡಿಗೆ ಸಹಿ ಹಾಕತಕ್ಕದ್ದು. ಇಷ್ಟೇ. ನನಗೂ ಎರಡು ಸಾಲು ಇದೆ: ಅಧಿಕಾರಿ ಮೂರು ವಾರ ಮೊದಲೇ ಪ್ರಕರಣ ಬಿಡಬೇಕಿತ್ತು ಅಂತ. ಓದಿ ಮುಖ ಬಿಸಿಯಾಯಿತು, ಆದರೆ ಸರಿಯಾಗಿಯೇ ಇದೆ.

ಓದಿ ಮುಗಿಸಿ ಮೆಟ್ಟಿಲಿಳಿದು ಗೋದಾಮಿನ ಹಿಂದೆ ಹೋಗಿ ನಿಂತೆ. ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟೆ. ಗುಮಾಸ್ತರು ಹುಡುಕಿಕೊಂಡು ಬಂದರು. “ಏನಾಯ್ತು ಮೇಡಂ?” ಅಂದರು. ಏನೂ ಆಗಲಿಲ್ಲ, ಅದಕ್ಕೇ ಕೂತಿದೀನಿ ಅಂದೆ.

ಮಾವ ಫೋನ್ ಮಾಡಿದ್ದರು, ತಮ್ಮ ಹಳೇ ನಾಮಪತ್ರದ ವಿಷಯಕ್ಕಲ್ಲ, ಈಗಿನದಕ್ಕೆ. ‘ನನಗೊಬ್ಬನಿಗೇ ಮಾಡಿದ್ದಲ್ಲ ನೀನು, ಹೆತ್ತ ತಾಯೀನೂ ಬಿಡಲಿಲ್ಲ’ ಅಂತ ತುಂಬ ಸಮಾಧಾನದಿಂದ ಹೇಳಿದರು. ಮಂಡಿನೋವು ಕಡಿಮೆಯಂತೆ.

ಸಹಿ ಹಾಕಲು ಬಂದಾಗ ನನ್ನ ಹತ್ತಿರ ಎರಡು ದಿನ ಇದ್ದು ಹೋಗು. ಈ ಸಲ ಬಸ್ಸಿಗೆ ಕೂರಿಸುವ ಅವಸರ ನನಗಿಲ್ಲ.

ಮಗಳು


ಜುಲೈ 3

ಮಗಳೇ,

ನಿನ್ನ ಮನೆಯಲ್ಲಿ ಎರಡು ದಿನ ಅಂತ ಬಂದು ಒಂಬತ್ತು ದಿನ ಕೂತೆ. ಊಟ ಹೊತ್ತಿಗೆ ಸರಿಯಾಗಿ ಮಾಡು, ಅದನ್ನು ಯಾವ ನಿಯಮವೂ ತಡೆಯುವುದಿಲ್ಲ. ಇಲ್ಲಿ ಮತ್ತೆ ಪಾಠ ಶುರುವಾಗಿದೆ. ಪ್ರಿನ್ಸಿಪಾಲರು ಒಂದು ಷರತ್ತು ಹಾಕಿದರು: ಪ್ರತಿ ಹೊಸ ತಂಡಕ್ಕೂ ಆ ಕಥೆ ಹೇಳಬೇಕು. ಹೇಳುತ್ತೇನೆ ಅಂದೆ.

ನಿನ್ನೆ ಮಧ್ಯಾಹ್ನ ಆ ಹುಡುಗಿ ಬಂದಿದ್ದಳು. ವಿಳಾಸ ನಿನ್ನ ಗುಮಾಸ್ತರು ಕೊಟ್ಟರಂತೆ. ಚುನಾವಣೆಯಲ್ಲಿ ಸೋತದ್ದಕ್ಕೆ ಬೇಸರವೇ ಅಂತ ಕೇಳಿದೆ.

“ಇನ್ನೂರ ಹದಿನೇಳು ಓಟು ಕಡಿಮೆ ಬಂತು ಅಮ್ಮಾ. ಎರಡು ದಿನ ಯಾರ ಜೊತೆಗೂ ಮಾತಾಡ್ಲಿಲ್ಲ. ಆದ್ರೆ ಸೋಲ್ಸಿದ್ದು ಜನ, ತಾರೀಕಲ್ಲ. ಇನ್ನೊಂದ್ಸಲ ನಿಲ್ತೀನಿ.”

ಕಾಫಿ ಕೊಟ್ಟೆ. ಬಂದದ್ದು ಬೇರೆ ಏನಕ್ಕೋ ಅಂತ ನನಗೆ ಅನ್ನಿಸಿತ್ತು. ಲೋಟ ಕೆಳಗಿಟ್ಟು ಕೇಳಿದಳು.

“ನಾನು ಹುಟ್ಟಿದಾಗ ನಮ್ಮಮ್ಮ ಏನಂದ್ರು? ನಿಮ್ಮನ್ನ ಬಿಟ್ರೆ ಅದು ಗೊತ್ತಿರೋರು ಯಾರೂ ಇಲ್ಲ.”

ಅಷ್ಟು ಹೆರಿಗೆಗಳ ನಡುವೆ ಯಾರು ಏನಂದರು ಅಂತ ನೆನಪಿರುವುದಿಲ್ಲ. ಆದರೆ ಅವಳ ತಾಯಿಯದು ನೆನಪಿತ್ತು. ಹೇಳಿದೆ.

ಮಗುವನ್ನು ಒರೆಸಿ ಪಕ್ಕದಲ್ಲಿ ಮಲಗಿಸಿದಾಗ ಅವಳು ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. “ಇವತ್ತು ಯಾವ ತಾರೀಕು ಸಿಸ್ಟರ್?” ಅಂದಳು. ಒಂಬತ್ತು ಅಂದೆ. ತಾನು ಹುಟ್ಟಿದ ತಾರೀಕು ತನಗೆ ಗೊತ್ತಿಲ್ಲ, ಮನೆಯಲ್ಲಿ ಯಾರೂ ಗುರುತಿಟ್ಟಿರಲಿಲ್ಲ ಅಂದಳು. ಮಗುವಿನ ಕಿವಿಯ ಹತ್ತಿರ ಬಾಯಿಟ್ಟು “ಒಂಬತ್ತು, ತಿಳೀತಾ, ಒಂಬತ್ತು” ಅಂತ ಎರಡು ಸಲ ಹೇಳಿದಳು. ಐದು ದಿನ ಕಳೆದು ನಾನು ಹದಿನಾಲ್ಕು ಬರೆಯುವಾಗ ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನನ್ನ ಕೆಲಸ ಉಳಿಯಲಿ ಅಂತ ಬಾಯಿ ಬಿಡಲಿಲ್ಲ. ಶಾಲೆಗೆ ಸೇರಿಸುವ ದಿನ ಮಾತ್ರ ಆ ಒಂಬತ್ತನ್ನೇ ಹೇಳಿ ಬಂದಿದ್ದಾಳೆ.

ಹುಡುಗಿ ತುಂಬ ಹೊತ್ತು ಅತ್ತಳು. ನಾನು ತಡೆಯಲಿಲ್ಲ. ಹುಟ್ಟಿದಾಗಲೂ ಹಾಗೇ ಅತ್ತಿದ್ದಳು, ಕೇಳಲು ಹಿತವಾಗಿತ್ತು.

ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಅವಳ ಕಣ್ಣನ್ನೇ ನೋಡಿ ಕಳಿಸಿಕೊಟ್ಟೆ.

ಅಮ್ಮ